ಚುಕ್ಕಿ ಇಡಿಸಿ ಕೋಡಿಂಗ್ ಕಲಿಸೋದು ಹೇಗೆ

ಹೊಸದಾಗಿ ಕಲಿಯೋರಿಗೆ ಮೊದಲ ದಿನಾನೇ ವೇರಿಯಬಲ್ ಅಂದ್ರೇನು, ಡೇಟಾ ಟೈಪ್ ಎಷ್ಟು ಅಂತ ನೋಟ್ಸ್ ಬರೆಸೋದು ಬಿಟ್ಬಿಡಿ, ಚಿತ್ರ ಬಿಡಿಸೋಕೆ ಹಚ್ಚಿ. ಅದಕ್ಕೆ ಪಿ5 ಜೆಎಸ್ (p5.js, ಕೋಡ್ ಬರೆದು ಚಿತ್ರ ಬಿಡಿಸೋ ಟೂಲ್) ಸಾಕು. ಕೇಸಿ ರಿಯಾಸ್, ಬೆನ್ ಫ್ರೈ ಇಬ್ರೂ ಸೇರಿ 2001ರಲ್ಲಿ ಅಮೆರಿಕದ ಎಂಐಟಿ ಯೂನಿವರ್ಸಿಟಿಲಿ ಶುರು ಮಾಡಿದ ಪ್ರೊಸೆಸಿಂಗ್ ಅನ್ನೋ ಚಿತ್ರದ ಕೋಡಿಂಗ್ ಭಾಷೆ ಇದೆಯಲ್ಲ, ಅದನ್ನೇ ಆಮೇಲೆ ಲಾರೆನ್ ಮೆಕಾರ್ಥಿ ಬ್ರೌಸರಲ್ಲಿ ಓಡೋ ಜಾವಾಸ್ಕ್ರಿಪ್ಟ್‌ಗೆ ತಂದಿದ್ದು. ಇನ್‌ಸ್ಟಾಲ್ ಗಿನ್‌ಸ್ಟಾಲ್ ಏನೂ ಬೇಡ, ಬ್ರೌಸರಲ್ಲಿ ಅದರ ವೆಬ್ ಎಡಿಟರ್ ತೆಗೆದ್ರೆ 400ಕ್ಕೆ 400 ಪಿಕ್ಸೆಲ್ ಕ್ಯಾನ್ವಾಸ್ ರೆಡಿ ಇರತ್ತೆ.

ಎಡಿಟರಲ್ಲಿ ಮೊದಲೇ ಸೆಟಪ್, ಡ್ರಾ ಅಂತ ಎರಡು ಫಂಕ್ಷನ್ (ಕೋಡಿನ ತುಂಡು) ಇರತ್ತೆ. ಡ್ರಾ ಒಳಗೆ, ಬ್ಯಾಕ್‌ಗ್ರೌಂಡ್ ಸಾಲಿನ ಕೆಳಗೆ ಸರ್ಕಲ್(200, 200, 50) ಅಂತ ಹಾಕ್ಸಿ, ಮೊದಲೆರಡು ನಂಬರ್ ಚುಕ್ಕಿ ಇರೋ ಜಾಗ, ಮೂರನೇದು ಅದರ ಅಗಲ. ಟೈಪ್ ಮಾಡೋದು ಇಂಗ್ಲಿಷಲ್ಲೇ, ಸಣ್ಣಕ್ಷರದಲ್ಲಿ. ಪ್ಲೇ ಒತ್ತಿದ್ರೆ ನಟ್ಟನಡುವೆ ಒಂದು ದುಂಡನೆ ಚುಕ್ಕಿ. ಈಗ ಎರಡನೇ ನಂಬರ್ 300 ಮಾಡಿದ್ರೆ ಮೇಲೆ ಹೋಗತ್ತೋ ಕೆಳಗೋ ಅಂತ ರನ್ ಮಾಡೋಕೆ ಮುಂಚೆನೇ ಕೇಳಿ. ಸ್ಕೂಲಲ್ಲಿ ಗ್ರಾಫ್ ಹಾಕಿದೋರು ಮೇಲೆ ಅಂತಾರೆ, ಅದು ಕೆಳಗೆ ಹೋಗತ್ತೆ, ಯಾಕಂದ್ರೆ ಇಲ್ಲಿ ಸೊನ್ನೆ ಇರೋದು ಮೇಲಿನ ಎಡಗಡೆ ಮೂಲೇಲಿ.

ಆಮೇಲೆ ಮೊದಲೆರಡು ನಂಬರ್ ತೆಗೆದು ಮೌಸ್‌ಎಕ್ಸ್, ಮೌಸ್‌ವೈ ಅಂತ ಹಾಕ್ಸಿ (ಎಕ್ಸ್, ವೈ ಮಾತ್ರ ಕ್ಯಾಪಿಟಲ್). ಚುಕ್ಕಿ ಮೌಸ್ ಹಿಂದೆನೇ ಓಡಾಡತ್ತೆ, ಬೆಲೆ ಬದಲಾಗ್ತಾ ಇರೋ ಹೆಸರು, ವೇರಿಯಬಲ್ ಅಂದ್ರೆ ಇದೇ ಅಂತ ಆವಾಗ ಹೇಳಿ. ಬ್ಯಾಕ್‌ಗ್ರೌಂಡ್ ಸಾಲನ್ನ ಸೆಟಪ್ ಒಳಗೆ ಎತ್ತಿ ಹಾಕಿದ್ರೆ ಹಳೇ ಚುಕ್ಕಿ ಅಳಿಸೋದೇ ಇಲ್ಲ, ಮೌಸ್ ಹೋದಲ್ಲೆಲ್ಲ ಬಣ್ಣ ಮೆತ್ಕೊಳತ್ತೆ. ಸೆಟಪ್ ಓಡೋದು ಒಂದೇ ಸಲ, ಡ್ರಾ ಮಾತ್ರ ಸೆಕೆಂಡಿಗೆ ಸುಮಾರು 60 ಸಲ ಓಡ್ತಾನೇ ಇರತ್ತೆ ಅನ್ನೋದು ಇಲ್ಲಿ ಕಣ್ಣಿಗೇ ಕಾಣತ್ತೆ, ಬಾಯಲ್ಲಿ ಹೇಳಿದ್ರೆ ಯಾರಿಗೂ ಹತ್ತಲ್ಲ.

ಈಗ ರಂಗೋಲಿ. 7 ಚುಕ್ಕಿ 7 ಸಾಲು ಇಡಿ ಅನ್ನಿ, ಲೂಪ್ (ಒಂದೇ ಸಾಲನ್ನ ಮತ್ತೆ ಮತ್ತೆ ಓಡಿಸೋದು) ಬಗ್ಗೆ ತುಟಿ ಬಿಚ್ಚಬೇಡಿ. ಸರ್ಕಲ್, ಸರ್ಕಲ್ ಅಂತ ಒಂದೊಂದೇ ಟೈಪ್ ಮಾಡ್ಲಿ, ಎರಡನೇ ಸಾಲಿಗೆ ಬರೋಷ್ಟರಲ್ಲಿ ಯಾರಾದ್ರೂ ಒಬ್ರು ಇದಕ್ಕೆ ಶಾರ್ಟ್‌ಕಟ್ ಇಲ್ವಾ ಅಂತ ಕೇಳೇ ಕೇಳ್ತಾರೆ, ಫಾರ್ ಲೂಪ್ ಹೇಳಿಕೊಡೋಕೆ ಅದೇ ಟೈಮು. ಎಕ್ಸ್ 50ರಿಂದ 350ರ ತನಕ, ಪ್ರತಿ ಸಲ 50 ಜಾಸ್ತಿ, ಅಲ್ಲಿಗೆ 7 ಚುಕ್ಕಿ. ಅದನ್ನೇ ವೈ ಲೂಪ್ ಒಳಗಿಟ್ರೆ 49. ಕೆಲವರಿಗೆ ಒಂದೇ ಸಾಲು ಬರತ್ತೆ, ಸರ್ಕಲ್ ಒಳಗೆ ವೈ ಬದಲು 50 ಅಂತಲೇ ಉಳಿದಿರತ್ತೆ. ನೀವಾಗಿ ತಿದ್ದಬೇಡಿ, ಹುಡುಕಲಿ.

ಇಫ್ (ಹೀಗಿದ್ರೆ ಮಾತ್ರ ಮಾಡು ಅನ್ನೋ ಷರತ್ತು) ಬೇಕು ಅನ್ಸೋದು ಸಂದಿಗೆ ಚುಕ್ಕಿ ಇಡೋವಾಗ. ಒಂದು ಸಾಲು ಬಿಟ್ಟು ಒಂದು ಸಾಲು 25 ಪಿಕ್ಸೆಲ್ ಬಲಕ್ಕೆ ಸರೀಬೇಕು, ಅಂದ್ರೆ ವೈನ 100ರಿಂದ ಭಾಗಿಸಿದಾಗ ಶೇಷ ಸೊನ್ನೆ ಬಂದ ಸಾಲಿಗೆ ಮಾತ್ರ. ಶೇಷ ತೆಗೆಯೋಕೆ ಪರ್ಸೆಂಟ್ ಚಿಹ್ನೆ.

ಬಣ್ಣ, ರಾಂಡಮ್ (ಪ್ರತಿ ಸಲ ಯಾವುದೋ ಒಂದು ನಂಬರ್ ಕೊಡೋದು) ಎಲ್ಲ ಅವರೇ ಆಡ್ಕೊಂಡು ಕಲೀತಾರೆ, ರಾಂಡಮ್ ಹಾಕಿದಾಗ ಚಿತ್ರ ಮಿಣಮಿಣ ಅಂದ್ರೆ ಸೆಟಪ್‌ಲಿ ನೋಲೂಪ್ (noLoop, ಡ್ರಾ ಒಂದೇ ಸಲ ಓಡ್ಲಿ ಅಂತ) ಅಂತ ಹಾಕ್ಸಿ. ಮನೇಲಿ ತೋರಿಸೋಕೆ ಚಿತ್ರ ಬೇಕು ಅಂದೋರಿಗೆ ಸೇವ್‌ಕ್ಯಾನ್ವಾಸ್ ಇದೆ, ಅದನ್ನ (saveCanvas) ಕೀ ಒತ್ತಿದಾಗ ಮಾತ್ರ ಓಡೋ ಕೀಪ್ರೆಸ್ಡ್ (keyPressed) ಫಂಕ್ಷನ್ ಒಳಗೇ ಇಡ್ಸಿ. ಡ್ರಾ ಒಳಗೆ ಇಟ್ರೆ ಡೌನ್‌ಲೋಡ್ ಮೇಲೆ ಡೌನ್‌ಲೋಡ್ ಶುರುವಾಗಿ ಬ್ರೌಸರೇ ಕ್ಲೋಸ್ ಮಾಡ್ಬೇಕಾಗತ್ತೆ.