ಬಿಷಪ್ ಬರ್ನೆಲ್ ಯಾವ ದಿನ ಎಲ್ಲಿದ್ದ: ನಾನು ಹುಡುಕಿದ ಬಗೆ

ರಾಬರ್ಟ್ ಬರ್ನೆಲ್ 1274ರಿಂದ 1292ರವರೆಗೆ ಇಂಗ್ಲೆಂಡಿನ ರಾಜ ಒಂದನೇ ಎಡ್ವರ್ಡ್‌ನ ಚಾನ್ಸಲರ್, ಅಂದರೆ ರಾಜನ ಪತ್ರವ್ಯವಹಾರ ನೋಡಿಕೊಳ್ಳುವ ಮುಖ್ಯ ಅಧಿಕಾರಿ. 1275ರಿಂದ ನೈಋತ್ಯ ಇಂಗ್ಲೆಂಡಿನ ಬಾತ್ ಮತ್ತು ವೆಲ್ಸ್ ಎಂಬ ಊರುಗಳ ಧರ್ಮಪ್ರಾಂತ್ಯಕ್ಕೆ (ಚರ್ಚಿನ ಆಡಳಿತ ವಲಯಕ್ಕೆ) ಬಿಷಪ್ ಕೂಡ. ಎಂ.ಎ. ಪ್ರಬಂಧಕ್ಕೆ ಇವನನ್ನು ಆರಿಸಿಕೊಂಡಾಗ, ಎರಡು ಕೆಲಸ ಒಬ್ಬನೇ ಹೇಗೆ ಮಾಡಿದ ಅನ್ನೋದೇ ನನ್ನ ಪ್ರಶ್ನೆ. ಒಂದು ದೊಡ್ಡ ಲೆಡ್ಜರ್ ತಂದೆ. ತಾರೀಕು, ಊರು, ಕೆಲಸ ಅಂತ ಮೂರು ಕಾಲಂ ಗೆರೆ ಎಳೆದೆ.

ರಾಜಮುದ್ರೆ ಚಾನ್ಸಲರ್ ಕೈಯಲ್ಲಿರುತ್ತಿತ್ತು. ಮುದ್ರೆ ಬಿದ್ದು ಹೊರಟ ಮುಖ್ಯ ಪತ್ರಗಳನ್ನು ಗುಮಾಸ್ತರು ಕುರಿಚರ್ಮದ ಮೇಲೆ ನಕಲು ಮಾಡಿ, ತುಂಡುಗಳನ್ನು ತುದಿಗೆ ತುದಿ ಹೊಲಿದು ಸುತ್ತಿಡುತ್ತಿದ್ದರು. ತೆರೆದ ಪತ್ರಗಳಿಗೆ ಒಂದು ಸುರುಳಿ, ಮಡಚಿ ಮುಚ್ಚಿದ ಪತ್ರಗಳಿಗೆ ಇನ್ನೊಂದು. ಅವುಗಳ ಇಂಗ್ಲಿಷ್ ಸಾರಾಂಶ ನೂರು ವರ್ಷಕ್ಕೂ ಹಿಂದೆಯೇ ಅಚ್ಚಾಗಿದೆ. ನಾನು ಓದಿದ್ದು ಅದನ್ನೇ.

ಮೊದಲ ತಿಂಗಳ ಕೆಲಸ ಹಾಳಾಯಿತು. ಸುರುಳಿಗಳಲ್ಲಿ ವರ್ಷ ಅಂದರೆ ರಾಜನ ಆಳ್ವಿಕೆಯ ವರ್ಷ. ಎಡ್ವರ್ಡ್‌ನ ಲೆಕ್ಕ ಶುರುವಾಗೋದು 1272ರ ನವೆಂಬರ್ 20ಕ್ಕೆ. ಹಾಗಾಗಿ ‘8ನೇ ವರ್ಷದ ಡಿಸೆಂಬರ್’ ಅಂದರೆ 1279. ನಾನು ಸುಮ್ನೆ 1272ಕ್ಕೆ 8 ಕೂಡಿಸಿ 1280 ಅಂತ ಬರೆದಿದ್ದೆ. ಶಾಸನಗಳ ಶಕವರ್ಷ, ಸಂವತ್ಸರ ಲೆಕ್ಕ ಹಾಕಿದವರಿಗೆ ಈ ತಲೆನೋವು ಗೊತ್ತಿರುತ್ತೆ, ಅಲ್ವಾ?

ಇನ್ನೊಂದು ತೊಡಕು ಊರಿನದು. ಪತ್ರದ ಕೆಳಗೆ ‘ವೆಸ್ಟ್‌ಮಿನ್‌ಸ್ಟರ್’ ಅಂತಿದ್ದ ಮಾತ್ರಕ್ಕೆ ಚಾನ್ಸಲರ್ ಅಲ್ಲೇ ಇದ್ದ ಅಂತಲ್ಲ. ಸನದುಗಳ ಕೊನೆಯ ಸಾಕ್ಷಿಪಟ್ಟಿಯಲ್ಲಿ ಅವನ ಹೆಸರು ಸಿಕ್ಕರೆ ಪೆನ್ಸಿಲ್‌ನಲ್ಲಿ ಬರೆದುಕೊಂಡೆ. ಅದೇ ವಾರದ ಇನ್ನೊಂದು ಪತ್ರ ಅದಕ್ಕೆ ಹೊಂದಿದರೆ ಮಾತ್ರ ಪೆನ್ನು.

ಆಮೇಲೆ ಮನುಷ್ಯ ಕಾಣಿಸತೊಡಗಿದ. 1283ರ ಅಕ್ಟೋಬರ್‌ನಲ್ಲಿ ರಾಜನೇ ಇವನ ಹುಟ್ಟೂರು ಆಕ್ಟನ್ ಬರ್ನೆಲ್‌ಗೆ ಬಂದಿದ್ದ. ವರ್ತಕರಿಗೆ ಬಾಕಿ ಸಾಲ ಬೇಗ ವಸೂಲಾಗಲಿ ಅಂತ ಅಲ್ಲಿ ಮಾಡಿದ ಕಾನೂನಿಗೆ ಇವತ್ತಿಗೂ ಆ ಊರಿನ ಹೆಸರೇ ಇದೆ. 1286ರಿಂದ 1289ರವರೆಗೆ ರಾಜನ ಜೊತೆ ಗ್ಯಾಸ್ಕನಿಯಲ್ಲಿ, ಅಂದರೆ ಆಗ ಎಡ್ವರ್ಡ್‌ನ ಕೈಯಲ್ಲಿದ್ದ ನೈಋತ್ಯ ಫ್ರಾನ್ಸಿನ ಪ್ರದೇಶದಲ್ಲಿ. ವೆಲ್ಸ್ ಮಾತ್ರ ಅಪರೂಪ.

ಇವನೆಂಥ ಬಿಷಪ್ ಅಂತ ನನಗೆ ಸಿಟ್ಟೇ ಬಂದಿತ್ತು. ಆದರೆ ಆಗ ರಾಜನ ಗುಮಾಸ್ತರಿಗೆ ದೊಡ್ಡ ಸಂಬಳವೆಂದರೆ ಚರ್ಚಿನ ಹುದ್ದೆಯೇ. ಧರ್ಮಪ್ರಾಂತ್ಯದ ಜಮೀನಿನ ಆದಾಯ ಚಾನ್ಸಲರ್‌ನನ್ನು ಸಾಕುತ್ತಿತ್ತು. ಇದೆಲ್ಲರಿಗೂ ಒಪ್ಪಿಗೆಯಾಗಿತ್ತು ಅಂತಲ್ಲ. 1278ರಲ್ಲಿ ಇಂಗ್ಲೆಂಡಿನ ಚರ್ಚಿನ ಅತ್ಯುನ್ನತ ಹುದ್ದೆಯಾದ ಕ್ಯಾಂಟರ್ಬರಿ ಆರ್ಚ್‌ಬಿಷಪ್ ಸ್ಥಾನಕ್ಕೆ ಇವನು ಆಯ್ಕೆಯಾದಾಗ ಪೋಪ್ ಮೂರನೇ ನಿಕೋಲಸ್ ಒಪ್ಪದೆ ಜಾನ್ ಪೆಕಮ್‌ನನ್ನು ನೇಮಿಸಿದರು. ಬರ್ನೆಲ್ ಆದರೋ ವೆಲ್ಸ್‌ನ ಬಿಷಪ್ ಅರಮನೆಯಲ್ಲಿ ಭಾರಿ ಸಭಾಂಗಣ ಕಟ್ಟಿಸಿದ. ಅದರ ಗೋಡೆಗಳು ಇನ್ನೂ ನಿಂತಿವೆ.

ಲೆಡ್ಜರ್‌ನ ಕೊನೆಯ ಸಾಲು: 1292ರ ಅಕ್ಟೋಬರ್ 25, ಬೆರ್ವಿಕ್. ಸ್ಕಾಟ್ಲೆಂಡಿನ ಸಿಂಹಾಸನ ಯಾರಿಗೆ ಅನ್ನೋ ವ್ಯಾಜ್ಯ ನಡೆಯುವಾಗಲೇ ತೀರಿಕೊಂಡ. ತೀರ್ಪು ಬಂದದ್ದು ಮೂರು ವಾರ ಕಳೆದ ಮೇಲೆ. ಅವನನ್ನು ಹೂತದ್ದು ವೆಲ್ಸ್‌ನಲ್ಲಿ. ಅದನ್ನು ಪೆನ್ನಿನಲ್ಲೇ ಬರೆದೆ.