ಗಣಿ ಮುಚ್ಚಿದ ಇಳಿಜಾರಿನಲ್ಲಿ ಹುಲ್ಲು ನಿಂತಿದ್ದು ಹೀಗೆ

ಕಲ್ಲಿದ್ದಲು ತೆಗೆದು ಮುಚ್ಚಿದ ಇಳಿಜಾರಿನಲ್ಲಿ ಎರಡು ಸಲ ಬೀಜ ಹಾಕಿದೆವು. ಎರಡೂ ಸಲ ಮೊದಲ ಜೋರು ಮಳೆಗೇ ಕೊಚ್ಚಿಹೋಯಿತು. ಬೀಜದ್ದೇ ತಪ್ಪು ಅಂದುಕೊಂಡಿದ್ದೆ. ಒಂದು ದಿನ ಕೊರಕಲಿನ ಪಕ್ಕ ಗುದ್ದಲಿ ಹಾಕಿದೆ. ನಾಲ್ಕು ಬೆರಳಿನ ಕೆಳಗೇ ಠಣ್ ಅಂದಿತು. ಭಾರಿ ಯಂತ್ರಗಳು ಓಡಾಡಿ ಮಣ್ಣು ಕಲ್ಲಾಗಿತ್ತು. ಇನ್ನು ನೀರು ಇಂಗುವುದಾದರೂ ಎಲ್ಲಿ, ಅಲ್ವಾ? ಮಣ್ಣಿನ ಹುಳಿ ಅಳೆಯುವ ಪಿಎಚ್ ಬೇರೆ 4ರ ಆಸುಪಾಸು (7ಕ್ಕಿಂತ ಕಡಿಮೆಯಾದಷ್ಟೂ ಹುಳಿ ಹೆಚ್ಚು). ಕಲ್ಲಿದ್ದಲಿನ ಜೊತೆ ಬರುವ ಪೈರೈಟ್ ಎಂಬ ಗಂಧಕ-ಕಬ್ಬಿಣದ ಖನಿಜಕ್ಕೆ ಗಾಳಿ, ನೀರು ತಾಗಿ ಮಣ್ಣು ಹುಳಿಯಾಗಿತ್ತು.

ಮೂರನೇ ಸಲ ಮೊದಲು ಹುಳಿ ತಗ್ಗಿಸಲು ಸುಣ್ಣಕಲ್ಲಿನ ಪುಡಿ ಹರಡಿ, ಇಳಿಜಾರಿಗೆ ಅಡ್ಡಲಾಗಿ ಆಳವಾಗಿ ಉಳುಮೆ ಮಾಡಿಸಿದೆವು. ಆಮೇಲೆ ಗೊಬ್ಬರ, ಹುಲ್ಲು ಮತ್ತು ದ್ವಿದಳ ಬೀಜ, ಮೇಲೆ ಒಣಹುಲ್ಲಿನ ಹೊದಿಕೆ. ತೀರಾ ಕಡಿದಾದ ಕಡೆ ನಾರಿನ ಚಾಪೆ ಹಾಸಿ ಗೂಟ ಹೊಡೆದೆವು. ಮೇಲ್ಮೈಯನ್ನು ನುಣ್ಣಗೆ ಮಾಡಲು ಹೋಗಬೇಡಿ, ಉಬ್ಬುತಗ್ಗು ಇದ್ದಷ್ಟೂ ಒಳ್ಳೆಯದು.

ಮಳೆ ಮುಗಿದ ಮೇಲೆ ಒಂದು ದ್ವಿದಳ ಗಿಡ ಕಿತ್ತು ನೋಡಿದೆ. ಬೇರಿನ ತುಂಬಾ ಸಣ್ಣ ಗಂಟುಗಳು. ಒಡೆದರೆ ಒಳಗೆ ತಿಳಿಗೆಂಪು, ಅಂದರೆ ಗಂಟಿನೊಳಗಿನ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತಿವೆ. ಕಣ್ಣು ತುಂಬಿ ಬಂತು.