ಫೋಟೊ ಇಲ್ಲದ ಮೂಡ್ ಬೋರ್ಡ್: ನನ್ನ ಅನುಭವ

ನಾನು ಇಂಟೀರಿಯರ್ ಡಿಸೈನರ್. ಮನೆಯ ಬಣ್ಣ, ಸಾಮಗ್ರಿ ಹೇಗೆ ಕೂಡುತ್ತವೆ ಅಂತ ಕೆಲಸಕ್ಕೆ ಮುಂಚೆ ಒಂದೇ ಕಡೆ ಜೋಡಿಸಿ ತೋರಿಸುವುದೇ ಮೂಡ್ ಬೋರ್ಡ್. ಸುಮಾರು ಎರಡು ವರ್ಷದಿಂದ ನಾನು ಯಾವ ಕ್ಲೈಂಟ್‌ಗೂ ಪಿಂಟರೆಸ್ಟ್ ಫೋಟೊ ಜೋಡಿಸಿದ ಮೂಡ್ ಬೋರ್ಡ್ ಕಳಿಸಿಲ್ಲ. ನನ್ನ ಬೋರ್ಡ್‌ನಲ್ಲಿ ಇರೋದು ಅವರ ಮನೆಗೆ ಬರಲಿರುವ ಲ್ಯಾಮಿನೇಟ್ (ಪ್ಲೈವುಡ್ ಮೇಲೆ ಅಂಟಿಸುವ ಹಾಳೆ), ಟೈಲ್ಸ್, ಬಟ್ಟೆ, ಅಷ್ಟೇ. ಶುರು ಮಾಡಿದಾಗ ನಮ್ಮ ಕಾಂಟ್ರಾಕ್ಟರ್ "ಥ್ರೀಡಿ ಕಾಲದಲ್ಲಿ ಇದೇನು ಮೇಡಂ, ಸ್ಕೂಲ್ ಪ್ರಾಜೆಕ್ಟ್ ಥರ" ಅಂದಿದ್ದರು. ಈಗ ಬೋರ್ಡ್‌ಗೆ ಸೈನ್ ಬೀಳದೆ ಅವರು ಪ್ಲೈವುಡ್ ಆರ್ಡರ್ ಮಾಡುವುದಿಲ್ಲ.

ಫೋಟೊ ಬೋರ್ಡ್‌ನಿಂದ ಏನಾಗುತ್ತಿತ್ತು ಅಂತ ನಿಮಗೂ ಗೊತ್ತಿರುತ್ತದೆ. ಆ ಚಿತ್ರಗಳಲ್ಲಿ ಹೆಚ್ಚಿನವು ಹೊರದೇಶದ ಮನೆಗಳು, ನೆಲದಿಂದ ಸೀಲಿಂಗ್‌ವರೆಗೆ ಗಾಜು. ಕ್ಲೈಂಟ್ ಮೆಚ್ಚಿಕೊಳ್ಳೋದು ಆ ಬೆಳಕನ್ನ. ನಮ್ಮ ಬೆಂಗಳೂರಿನ ಫ್ಲ್ಯಾಟ್‌ನಲ್ಲಿ ನಾಲ್ಕಡಿ ಕಿಟಕಿ, ಅದಕ್ಕೆ ಗ್ರಿಲ್, ಸೊಳ್ಳೆ ಪರದೆ, ಎದುರಿಗೆ ಪಕ್ಕದ ಬ್ಲಾಕಿನ ಗೋಡೆ. ಅದೇ ಬೂದು ಬಣ್ಣ ಇಲ್ಲಿ ಮಂಕಾಗಿ ಕೂರುತ್ತದೆ. ಸಾಲದ್ದಕ್ಕೆ ಗಂಡನ ಫೋನಲ್ಲಿ ಒಂದು ಬಣ್ಣ, ಹೆಂಡತಿ ಫೋನಲ್ಲಿ ಇನ್ನೊಂದು. ಸರ್ಜಾಪುರ ರಸ್ತೆ ಕಡೆ ಒಂದು 3 ಬಿಎಚ್‌ಕೆ ಮಾಡುವಾಗ ವಾಟ್ಸ್ಆ್ಯಪ್‌ನಲ್ಲಿ ಬೋರ್ಡ್ ಓಕೆ, ರೆಂಡರ್ (ಕಂಪ್ಯೂಟರ್‌ನ ಥ್ರೀಡಿ ಚಿತ್ರ) ಓಕೆ, ವಾರ್ಡ್‌ರೋಬ್ ಶಟರ್‌ಗೆ (ಬಾಗಿಲಿಗೆ) ಲ್ಯಾಮಿನೇಟ್ ಅಂಟಿಸಿ ನಿಲ್ಲಿಸಿದ ಮೇಲೆ "ನಾವು ಹೇಳಿದ್ದು ಇದಲ್ಲ" ಅಂದರು. ಅಂಟಿಸಿದ ಲ್ಯಾಮಿನೇಟ್ ಕಿತ್ತರೆ ಶಟರ್ ಕೂಡ ಹಾಳು. ಶೀಟ್‌ಗೆ 1,600ರ ಹಾಗೆ ಎಂಟೋ ಒಂಬತ್ತೋ ಶೀಟು, ಪ್ಲೈ, ಫೆವಿಕಾಲ್, ಕೂಲಿ ಎಲ್ಲಾ ಸೇರಿ 40 ಸಾವಿರದ ಹತ್ತಿರ ಹೋಯಿತು. ಅದರಲ್ಲಿ ಅರ್ಧ ನನ್ನ ಕೈಯಿಂದ.

ಮೊದಲ ಪ್ರಯತ್ನಗಳು ಕೈಕೊಟ್ಟವು. ಸನ್‌ಬೋರ್ಡ್ (ಹಗುರವಾದ ಫೋಮ್ ಹಲಗೆ) ಮೇಲೆ ಡಬಲ್ ಟೇಪ್ ಹಾಕಿ ಟೈಲ್ ತುಂಡು ಕೂರಿಸಿದರೆ ಕ್ಲೈಂಟ್ ಮನೆ ತಲುಪುವಷ್ಟರಲ್ಲಿ ಉದುರುತ್ತಿತ್ತು. ಮಳೆಗಾಲದಲ್ಲಂತೂ ಕೇಳಲೇಬೇಡಿ. ಅಂಟಿನ ಸಮಸ್ಯೆ ಬಗೆಹರಿದ ಮೇಲೂ ಬೋರ್ಡ್ ನೋಡಿದವರು ಹೂಂ ಅನ್ನುತ್ತಿದ್ದರೇ ಹೊರತು ಯಾವುದನ್ನೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಕಾರಣ ಹೊಳೆಯಲು ಸ್ವಲ್ಪ ತಿಂಗಳುಗಳೇ ಬೇಕಾದವು. 60-30-10 ಲೆಕ್ಕ (ಮುಖ್ಯ ಬಣ್ಣ ನೂರಕ್ಕೆ 60, ಜೊತೆಯದು 30, ಎದ್ದು ಕಾಣುವುದು 10) ಎಲ್ಲರಿಗೂ ಗೊತ್ತು, ಆದರೆ ಬೋರ್ಡ್‌ನಲ್ಲಿ ಇಡೀ ಗೋಡೆಗೂ ನಾಲ್ಕಿಂಚು, ಒಂದು ಕುಶನ್‌ಗೂ ನಾಲ್ಕಿಂಚು ಕೊಡುತ್ತೇವೆ, ಅಲ್ವಾ? ಕಣ್ಣಿಗೆ ಎರಡೂ ಒಂದೇ ತೂಕ. ಇನ್ನೊಂದು, ನೆಲದ ಟೈಲು ಮನೆಯಲ್ಲಿ ಮಲಗಿರುತ್ತದೆ, ಶಟರ್ ನಿಂತಿರುತ್ತದೆ. ಕಿಟಕಿ ಬೆಳಕು ಎರಡರ ಮೇಲೂ ಒಂದೇ ಥರ ಬೀಳುವುದಿಲ್ಲ. ಒಂದೇ ಲ್ಯಾಮಿನೇಟ್ ತುಂಡನ್ನ ಮೇಜಿನ ಮೇಲೆ ಮಲಗಿಸಿ ನೋಡಿ, ಆಮೇಲೆ ಎತ್ತಿ ನಿಲ್ಲಿಸಿ ನೋಡಿ.

ಹಾಗಾಗಿ ಈಗ ಎರಡು ಹಲಗೆ. ಒಂದೊಂದೂ ಒಂದೂವರೆ ಅಡಿಗೆ ಎರಡಡಿ, 9 ಎಂಎಂ ಪ್ಲೈ, ನಡುವೆ ಹಿಂಜ್. ತೆರೆದರೆ ಒಂದು ಮಲಗುತ್ತದೆ, ಒಂದು ನಿಲ್ಲುತ್ತದೆ. ಮಲಗಿದ್ದರ ಮೇಲೆ ಪೂರ್ತಿ ಫ್ಲೋರ್ ಟೈಲ್. ನಿಂತಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಗೋಡೆ ಬಣ್ಣ. ಶೇಡ್ ಕಾರ್ಡ್ ಅಂಟಿಸುವುದಿಲ್ಲ, ಪುಟ್ಟಿ ಎಳೆದು ಪೇಂಟ್‌ನ್ನೇ ಎರಡು ಕೋಟ್ ಹೊಡೆಯುತ್ತೇನೆ. ಮಿಕ್ಕಿದ್ದರಲ್ಲಿ ಬಹುಪಾಲು ಲ್ಯಾಮಿನೇಟ್, ಒಂದು ಪಟ್ಟಿ ಪರದೆ ಬಟ್ಟೆ, ಒಂದೇ ಒಂದು ಹ್ಯಾಂಡಲ್. ಬಟ್ಟೆ ಚಿಕ್ಕಪೇಟೆಯದು. ಸ್ಯಾಂಪಲ್ ಕೇಳಿದರೆ ಮುಖ ತಿರುಗಿಸುತ್ತಾರೆ, ಸುಮ್ನೆ ಕಾಲು ಮೀಟರ್ ಕೊಂಡುಬಿಡಿ. ಲ್ಯಾಮಿನೇಟ್ ಕ್ಯಾಟಲಾಗಿನ ಪುಟ್ಟ ತುಂಡು ಸಾಲದು, ಮರದ ಗೆರೆ ಓಡುವುದು ಅದರಲ್ಲಿ ಕಾಣುವುದೇ ಇಲ್ಲ. ಒಂದಡಿಯಾದರೂ ಬೇಕು. ಆ ದೊಡ್ಡ ತುಂಡುಗಳನ್ನ ಕಾಸು ಕೊಡದೆ ಎಲ್ಲಿಂದ ತರುತ್ತೇನೆ ಅನ್ನೋದನ್ನ ಇಲ್ಲಿ ಬರೆಯುವುದಿಲ್ಲ. ಟೈಲ್‌ನ ಭಾರ ಇಳಿಸುವ ಉಪಾಯವೂ ನನ್ನ ಹತ್ತಿರವೇ ಇರಲಿ.

ಬೋರ್ಡ್ ತೋರಿಸುವುದು ಅವರ ಫ್ಲ್ಯಾಟ್‌ನಲ್ಲೇ, ಆ ರೂಮಿನಲ್ಲೇ. ಒಂದು ಸಲ ಬೆಳಗ್ಗೆ, ಒಂದು ಸಲ ದೀಪ ಹಚ್ಚಿದ ಮೇಲೆ. ಬ್ಯಾಗಲ್ಲಿ ಹೋಲ್ಡರ್, ಜೊತೆಗೆ 3000ಕೆ (ಹಳದಿ ಬೆಳಕು) ಮತ್ತು 6500ಕೆ (ಬಿಳಿ ಬೆಳಕು) ಬಲ್ಬ್ ಇರುತ್ತವೆ. ಅಂಗಡಿಯ ಬಿಳಿ ದೀಪದಲ್ಲಿ ಒಂದಕ್ಕೊಂದು ಕೂಡಿದ್ದ ಆಫ್-ವೈಟ್ ಲ್ಯಾಮಿನೇಟ್ ಮತ್ತು ಗೋಡೆ ಬಣ್ಣ, ಮನೆಯ ಹಳದಿ ದೀಪದಲ್ಲಿ ಬೇರೆ ಬೇರೆ ದಾರಿ ಹಿಡಿದದ್ದನ್ನ ಎಷ್ಟೋ ಸಲ ನೋಡಿದ್ದೇನೆ. ಅದು ಹಲಗೆ ಮೇಲೆ ಗೊತ್ತಾದರೆ ನಷ್ಟ ಒಂದು ತುಂಡು, ಅಷ್ಟೇ.

ಮನೆಗೇ ಹೋಗುವುದರ ಇನ್ನೊಂದು ಲಾಭ, ಮನೆಯವರೆಲ್ಲ ಮುಟ್ಟಿ ನೋಡುತ್ತಾರೆ. ಜಯನಗರದ ಒಂದು ಮನೆಯಲ್ಲಿ ಅಜ್ಜಿ ಬಂದು ಅಡುಗೆಮನೆಯ ಬಿಳಿ ಕ್ವಾರ್ಟ್ಸ್ (ಕಟ್ಟೆಗೆ ಹಾಕುವ ಕೃತಕ ಕಲ್ಲು) ಸವರಿ "ಇದರ ಮೇಲೆ ಅರಿಶಿನ ಬಿದ್ದರೆ ಹೋಗುತ್ತೇನಮ್ಮಾ?" ಅಂದರು. ಆ ರಾತ್ರಿಯೇ ಕ್ವಾರ್ಟ್ಸ್, ಕರಿ ಗ್ರಾನೈಟ್ ಎರಡಕ್ಕೂ ಅರಿಶಿನ ಎಣ್ಣೆ ಕಲಸಿ ಹಚ್ಚಿಟ್ಟೆ. ಗ್ರಾನೈಟ್‌ನಲ್ಲಿ ಏನೂ ಕಾಣಲಿಲ್ಲ. ಕ್ವಾರ್ಟ್ಸ್‌ನಲ್ಲಿ ತಿಳಿ ಹಳದಿ ಉಳಿಯಿತು, ಬಿಸಿಲಿಗಿಟ್ಟರೆ ಅದೂ ಮಾಸಿತು. ಅಡುಗೆ ಕಟ್ಟೆಯನ್ನ ಬಿಸಿಲಿಗಿಡೋಕೆ ಆಗಲ್ಲವಲ್ಲ, ಅವರು ಗ್ರಾನೈಟ್‌ಗೇ ಹೋದರು. ರೆಡ್ ಆಕ್ಸೈಡ್ ನೆಲ ಬೇಕು ಅಂದವರಿಗೆ ಸ್ಯಾಂಪಲ್ ಎಲ್ಲೂ ಸಿಗದೆ, ನಮ್ಮ ಗಾರೆ ಮೇಸ್ತ್ರಿ ಕೈಲಿ ಸಿಮೆಂಟ್ ಶೀಟ್ ತುಂಡಿನ ಮೇಲೆ ಮೂರು ಹದದಲ್ಲಿ ಹಾಕಿಸಿದೆ. ಒದ್ದೆಯಿದ್ದಾಗ ಗಾಢ, ಒಣಗಿದ ಮೇಲೆ ಬಣ್ಣ ಇಳಿಯುತ್ತದೆ. ಅದಕ್ಕೆ ಹದಿನೈದು ದಿನ ಬಿಟ್ಟೇ ತೋರಿಸುವುದು.

ಒಂದು ರೂಮಿನ ಬೋರ್ಡ್‌ಗೆ ನನಗೆ 3,000ದ ಆಚೀಚೆ ಬೀಳುತ್ತದೆ, 8,000 ತಗೊಳ್ಳುತ್ತೇನೆ. ಕೆಲಸ ನಮಗೇ ಕೊಟ್ಟರೆ ಡಿಸೈನ್ ಫೀಸಲ್ಲಿ ಕಳೆಯುತ್ತೇನೆ. ಬೋರ್ಡ್‌ಗೆ ದುಡ್ಡು ಕೊಡಲ್ಲ ಅಂದವರೂ ಇದ್ದಾರೆ, ಅಂಥ ಕೆಲಸ ಬಿಟ್ಟಿದ್ದೇನೆ. ಈ ಪದ್ಧತಿಗೆ ಬಂದಮೇಲೆ ಅಂಟಿಸಿದ ಶಟರ್ ಕಿತ್ತು ಹಾಕಿದ ಕೆಲಸ ಒಂದೂ ಇಲ್ಲ. ಇದನ್ನ ಹೆಮ್ಮೆಯಿಂದಲೇ ಹೇಳುತ್ತೇನೆ.

ಓಕೆ ಆದ ಹಲಗೆ ಹಿಂದೆ ಲ್ಯಾಮಿನೇಟ್ ಕೋಡ್, ಫಿನಿಶ್, ತಾರೀಖು ಬರೆದು ಮನೆಯವರ ಸೈನ್ ಹಾಕಿಸುತ್ತೇನೆ. ಆಮೇಲೆ ಅದು ಸೈಟಲ್ಲೇ ಇರುತ್ತದೆ. ಬ್ಯಾಚ್ ಬದಲಾದರೆ ಶೇಡ್ ಬದಲಾಗಬಹುದು, ಹಾಗಾಗಿ ಶೀಟ್ ಬಂದಾಗ ನಮ್ಮ ಬಡಗಿ ಬೋರ್ಡ್ ತಂದು ಪಕ್ಕದಲ್ಲಿ ಹಿಡಿಯುತ್ತಾರೆ, ಹೊಂದದಿದ್ದರೆ ಟೆಂಪೋದಿಂದ ಇಳಿಸುವ ಮುಂಚೆಯೇ ವಾಪಸ್.